ಲೂಯಿ ಬ್ರೈಲ್: ಬೆರಳಿಗೆ ಒಲಿದ ಅಕ್ಷರ

1771ರ ಸೆಪ್ಟೆಂಬರ್ ತಿಂಗಳಿನಲ್ಲಿ ಪ್ಯಾರಿಸ್ ನಗರದ ಸೇಂತ್ ಓವೀದ್ ಜಾತ್ರೆಯಲ್ಲಿ ಒಂದು ವಿನೋದ ಪ್ರದರ್ಶನ ಏರ್ಪಟ್ಟಿತ್ತು. ನಗರದ ಹಳೆಯ ಅಂಧಾಶ್ರಮವೊಂದರ ನಿವಾಸಿಗಳಾದ ಕೆಲವರಿಗೆ ವಿಚಿತ್ರವಾದ ನಿಲುವಂಗಿಯನ್ನೂ ಚೂಪಾದ ಟೊಪ್ಪಿಗೆಯನ್ನೂ ತೊಡಿಸಿ, ಗಾಜಿಲ್ಲದ ರಟ್ಟಿನ ಕನ್ನಡಕ ಹಾಕಿಸಿ, ಕೈಗೆ ಪಿಟೀಲು ಕೊಟ್ಟು ಕೂರಿಸಿದ್ದರು. ಅವರೆದುರು ಸ್ವರಲಿಪಿಯ ಹಾಳೆಗಳನ್ನಿಟ್ಟು ದೀಪವನ್ನೂ ಹಚ್ಚಿದ್ದರು. ಓದಲಾಗದ ಹಾಳೆಗಳನ್ನು ಓದುವವರಂತೆ ನಟಿಸುತ್ತಾ ಅವರು ಅಪಸ್ವರದಲ್ಲಿ ನುಡಿಸುವುದೇ ಆ ಹಾಸ್ಯದ ತಿರುಳಾಗಿತ್ತು. ನೆರೆದ ಜನ ನಕ್ಕು ನಲಿದರು. ಅದನ್ನು ಕಂಡು ನಾಚಿ ತಲೆತಗ್ಗಿಸಿದವನು ವಾಲಂತೀನ್ ಆಯುಯಿ ಎಂಬ ಭಾಷಾಂತರಕಾರ. ಅಂಧರು ನಿಜವಾಗಿಯೂ ಓದುವಂತೆ, ನಿಜವಾಗಿಯೂ ಸಂಗೀತ ನುಡಿಸುವಂತೆ ತಾನು ಮಾಡಬೇಕೆಂಬ ಹಂಬಲ ತನ್ನಲ್ಲಿ ಮೊಳೆತದ್ದು ಅಂದೇ ಎಂದು ಆತ ಮುಂದೆ ಹೇಳಿಕೊಂಡಿದ್ದಾನೆ. 1784ರಲ್ಲಿ ಪ್ಯಾರಿಸಿಗೆ ಬಂದ ವಿಯೆನ್ನಾದ ಅಂಧ ಪಿಯಾನೋ ವಾದಕಿ ಮರಿಯಾ ತೆರೇಸಿಯಾ ಫಾನ್ ಪಾರಾಡಿಸ್ ಅವಳ ಭೇಟಿ ಆ ಹಂಬಲಕ್ಕೆ ಬಲ ತಂದಿತು. ಚರ್ಚಿನ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಫ್ರಾನ್ಸ್ವಾ ಲೆಸ್ಯೂರ್ ಎಂಬ ಹುಡುಗನನ್ನು ಮೊದಲ ಶಿಷ್ಯನನ್ನಾಗಿ ಮಾಡಿಕೊಂಡು ಆಯುಯಿ ತೆರೆದ ಶಾಲೆಯೇ ಯುರೋಪಿನಲ್ಲಿ ಅಂಧ ಮಕ್ಕಳಿಗಾಗಿ ಹುಟ್ಟಿದ ಮೊದಲ ಶಾಲೆ. ಲೂಯಿ ಬ್ರೈಲ್ ಕಲಿತದ್ದು, ಕಲಿಸಿದ್ದು, ಕಡೆಗೆ ಕಣ್ಮುಚ್ಚಿದ್ದು ಈ ಶಾಲೆಯಲ್ಲಿಯೇ.

ಬ್ರೈಲ್ ಜನಿಸಿದ್ದು 1809ರ ಜನವರಿ 4ರಂದು, ಪ್ಯಾರಿಸಿನ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದ ಕೂವ್ರೇ ಎಂಬ ಹಳ್ಳಿಯಲ್ಲಿ. ತಂದೆ ಸಿಮೋನ್ ರೆನೆ ಕುದುರೆಯ ಜೀನು, ಲಗಾಮು, ಪಟ್ಟಿಗಳನ್ನು ಮಾಡುವ ಚರ್ಮದ ಕುಶಲಕರ್ಮಿ; ತಾಯಿ ಮೋನಿಕ್. ನಾಲ್ವರು ಮಕ್ಕಳಲ್ಲಿ ಲೂಯಿಯೇ ಕಿರಿಯವನು. ಮೂರು ವರ್ಷದವನಿದ್ದಾಗ, 1812ರಲ್ಲಿ, ತಂದೆಯ ಕೆಲಸದ ಕೋಣೆಯಲ್ಲಿ ಆಡುತ್ತಾ ಚರ್ಮ ಕೊಯ್ಯುವ ಉಪಕರಣವೊಂದನ್ನು ಕೈಗೆತ್ತಿಕೊಂಡನು. ಅದು ಜಾರಿ ಒಂದು ಕಣ್ಣಿಗೆ ಚುಚ್ಚಿತು. ಸೋಂಕು ಮತ್ತೊಂದು ಕಣ್ಣಿಗೂ ಹಬ್ಬಿತು. ಐದು ವರ್ಷ ತುಂಬುವ ವೇಳೆಗೆ ಮಗುವಿಗೆ ಬೆಳಕೆಂಬುದೇ ಇಲ್ಲವಾಯಿತು. ಆ ಉಪಕರಣ ದಬ್ಬಳವೋ ಬಾಗಿದ ಕತ್ತಿಯೋ ಎಂಬ ವಿಷಯದಲ್ಲಿ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ಕಣ್ಣನ್ನು ಕಳೆದ ಮೊನೆಯೇ ಮುಂದೆ ಅಕ್ಷರವನ್ನು ಕೊಟ್ಟಿತೆಂಬ ಚಮತ್ಕಾರದ ಮಾತಿಗೆ ದಬ್ಬಳವೇ ಹೆಚ್ಚು ಅನುಕೂಲ. ಜನಪ್ರಿಯ ಜೀವನಚರಿತ್ರೆಗಳು ಅದನ್ನೇ ಆರಿಸಿಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ.

ಆ ಕಾಲದ ಹಳ್ಳಿಯ ಅಂಧ ಮಗುವಿನ ಪಾಲಿಗೆ ಸಾಮಾನ್ಯವಾಗಿ ಕಾದಿದ್ದುದು ಭಿಕ್ಷೆ. ಲೂಯಿಯ ಮನೆಯವರು ಆ ದಾರಿಯನ್ನು ಒಪ್ಪಲಿಲ್ಲ. ತಂದೆ ಮರದ ಹಲಗೆಯ ಮೇಲೆ ಮೊಳೆಗಳನ್ನು ಬಡಿದು ಅಕ್ಷರಗಳ ಆಕಾರ ಮೂಡಿಸಿ, ಮಗನ ಬೆರಳು ಹಿಡಿದು ತಿದ್ದಿಸಿದನೆಂದು ತಿಳಿದುಬರುತ್ತದೆ. ಊರಿಗೆ ಹೊಸದಾಗಿ ಬಂದ ಪಾದ್ರಿ ಪಾಲುಯಿ ಹುಡುಗನ ಚುರುಕುತನವನ್ನು ಗುರುತಿಸಿ ಪಾಠ ಹೇಳಿದನು. ಊರಿನ ಶಾಲೆಯ ಉಪಾಧ್ಯಾಯ ಬೆಶೆರೆ ಅವನನ್ನು ಉಳಿದ ಮಕ್ಕಳೊಂದಿಗೇ ಕೂರಿಸಿಕೊಂಡನು. ಕೇಳಿದ್ದನ್ನೆಲ್ಲ ನೆನಪಿನಲ್ಲಿಟ್ಟು ಹುಡುಗ ಮುಂದಿನ ಸಾಲಿನಲ್ಲಿಯೇ ಇದ್ದನು. ಆದರೆ ಪುಸ್ತಕ ತೆರೆಯುವ ಹೊತ್ತಿನಲ್ಲಿ ಅವನು ಸುಮ್ಮನೆ ಕುಳಿತಿರಬೇಕಾಗಿತ್ತು. ಊರಿನ ಜಮೀನ್ದಾರ ಮಾರ್ಕಿ ದೋರ್ವಿಲಿಯೆಯ ಶಿಫಾರಸಿನಿಂದ ಪ್ಯಾರಿಸಿನ ಅಂಧರ ಶಾಲೆಯಲ್ಲಿ ಸ್ಥಳ ದೊರೆಯಿತು. 1819ರ ಫೆಬ್ರುವರಿ 15ರಂದು, ಹತ್ತು ವರ್ಷದ ಬಾಲಕ ತಂದೆಯೊಡನೆ ಅಲ್ಲಿಗೆ ಬಂದು ಸೇರಿದನು.

ಆಗ ಆ ಶಾಲೆ ರ‍್ಯೂ ಸೇಂತ್ ವಿಕ್ತೋರ್ ಬೀದಿಯ ಹಳೆಯ ಧರ್ಮಪಾಠಶಾಲೆಯ ಕಟ್ಟಡದಲ್ಲಿತ್ತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಪಾದ್ರಿಗಳ ಕಗ್ಗೊಲೆ ನಡೆದಿದ್ದ ಜಾಗ ಅದು. ತೇವದ ಗೋಡೆಗಳು, ಇಕ್ಕಟ್ಟಾದ ಮೆಟ್ಟಿಲುಗಳು, ಗಾಳಿ ಬೆಳಕು ಸಾಲದ ಕೋಣೆಗಳು. ಮುಂದೆ 1838ರಲ್ಲಿ ಕವಿ ಲಾಮಾರ್ತೀನ್ ಈ ಕಟ್ಟಡದ ದುರವಸ್ಥೆಯನ್ನು ಫ್ರಾನ್ಸಿನ ಪ್ರತಿನಿಧಿ ಸಭೆಯಲ್ಲಿ ವಿವರಿಸಿ ಹೊಸ ಕಟ್ಟಡಕ್ಕಾಗಿ ವಾದಿಸಬೇಕಾಯಿತು. ಬ್ರೈಲನ ಎದೆಗೆ ಕ್ಷಯ ಹತ್ತಿದ್ದು ಈ ಕಟ್ಟಡದಲ್ಲಿ ಕಳೆದ ವರ್ಷಗಳಲ್ಲಿ.

ಶಾಲೆಯಲ್ಲಿ ಪುಸ್ತಕಗಳಿದ್ದುವು. ಆಯುಯಿಯ ವಿಧಾನದಂತೆ ದಪ್ಪ ಕಾಗದವನ್ನು ನೆನೆಸಿ, ದೊಡ್ಡ ರೋಮನ್ ಅಕ್ಷರಗಳ ಅಚ್ಚನ್ನು ಒತ್ತಿ, ಅಕ್ಷರಗಳು ಉಬ್ಬಿ ನಿಲ್ಲುವಂತೆ ಮಾಡಿದ ಪುಸ್ತಕಗಳು. ಅವು ಗಾತ್ರದಲ್ಲಿ ಬೃಹತ್ತಾಗಿದ್ದುವು, ತೂಕದಲ್ಲಿ ಭಾರವಾಗಿದ್ದುವು, ಸಂಖ್ಯೆಯಲ್ಲಿ ಬಹು ಕಡಿಮೆ. ವಿದ್ಯಾರ್ಥಿ ಒಂದೊಂದು ಅಕ್ಷರದ ಗೆರೆಯನ್ನೂ ಬೆರಳಿನಿಂದ ಬಳಸಿ ಗುರುತಿಸಿ, ಪದದ ಕೊನೆಗೆ ಬರುವ ಹೊತ್ತಿಗೆ ಮೊದಲು ಮರೆತುಹೋಗದಂತೆ ನೋಡಿಕೊಳ್ಳಬೇಕಾಗಿತ್ತು. ಇದಕ್ಕಿಂತ ಮೂಲಭೂತವಾದ ಕೊರತೆಯೊಂದಿತ್ತು. ಆ ಅಕ್ಷರಗಳನ್ನು ಅಂಧರು ಕಷ್ಟಪಟ್ಟು ಓದಬಹುದಾಗಿತ್ತು, ಆದರೆ ಬರೆಯುವಂತಿರಲಿಲ್ಲ. ಅಚ್ಚುಮನೆಯ ಮೊಳೆಗಳೂ ಒತ್ತುಯಂತ್ರವೂ ಇಲ್ಲದೆ ಒಂದು ಪದವನ್ನೂ ಮೂಡಿಸಲಾಗದ ಲಿಪಿಯಿಂದ ಟಿಪ್ಪಣಿ ಮಾಡಿಕೊಳ್ಳುವುದು, ಕಾಗದ ಬರೆಯುವುದು, ತನ್ನ ಯೋಚನೆಯನ್ನು ತಾನೇ ಓದಿ ತಿದ್ದಿಕೊಳ್ಳುವುದು ಹೇಗೆ? ಓದು ಇದ್ದು ಬರಹವಿಲ್ಲದ ಅಕ್ಷರಜ್ಞಾನ ಅರೆಬರೆಯದು. ಇದು ಕಣ್ಣುಳ್ಳ ಅಧ್ಯಾಪಕರಿಗೆ ಅಷ್ಟಾಗಿ ಕಾಡದ ಪ್ರಶ್ನೆಯಾಗಿತ್ತು. ಅವರ ಕಣ್ಣಿಗೆ ಆ ಪುಟಗಳು ಸುಂದರವಾಗಿದ್ದುವು. ತಾವೂ ಓದಬಹುದಾದ ಅಕ್ಷರಗಳಾದುದರಿಂದ ಕಲಿಸಲು ಸುಲಭವಾಗಿದ್ದುವು. ಸಂದರ್ಶಕರಿಗೆ ತೋರಿಸಲು ಯೋಗ್ಯವಾಗಿದ್ದುವು.

ಇಂತಹ ಹೊತ್ತಿನಲ್ಲಿ, 1821ರಲ್ಲಿ, ಶಾರ್ಲ್ ಬಾರ್ಬಿಯೆ ಎಂಬಾತನ ಚುಕ್ಕಿಗಳ ಬರವಣಿಗೆ ಶಾಲೆಯ ಬಾಗಿಲಿಗೆ ಬಂದಿತು. ಸೇನೆಯಲ್ಲಿದ್ದ ಬಾರ್ಬಿಯೆ ಕತ್ತಲಲ್ಲಿ ಸೈನಿಕರು ಸದ್ದಿಲ್ಲದೆ ಸಂದೇಶ ಓದಲೆಂದು ಇದನ್ನು ರಚಿಸಿದನೆಂಬ ಕಥೆ ಬಹಳ ಪ್ರಸಿದ್ಧ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದು ಇತ್ತೀಚಿನ ಸಂಶೋಧನೆ ತೋರಿಸಿದೆ. ಶಾಲೆಯ ದಾರಿಯನ್ನೇ ಕಾಣದ ಬಡವರು, ಅಂಧರು ಮೊದಲಾದವರಿಗೆ ಸುಲಭದ ಬರವಣಿಗೆಯೊಂದನ್ನು ಒದಗಿಸುವುದು ಬಾರ್ಬಿಯೆಯ ಆಸೆಯಾಗಿತ್ತು. ಅವನು ಫ್ರೆಂಚ್ ನುಡಿಯ ಧ್ವನಿಗಳನ್ನು 36 ಎಂದು ಎಣಿಸಿ, ಆರು ಸಾಲು ಆರು ಕಂಬಗಳ ಕೋಷ್ಟಕದಲ್ಲಿರಿಸಿ, ಸಾಲು ಎಷ್ಟನೆಯದು, ಕಂಬ ಎಷ್ಟನೆಯದು ಎಂಬುದನ್ನು ಎರಡು ನಿಲುಸಾಲುಗಳಲ್ಲಿ ಚುಕ್ಕಿಗಳ ಸಂಖ್ಯೆಯಿಂದ ಸೂಚಿಸಿದನು. ಕನ್ನಡದಂತಹ ಉಚ್ಚಾರಣೆಗೆ ಹತ್ತಿರವಾದ ಬರಹವನ್ನು ಬಳಸುವವರಿಗೆ ಬಾರ್ಬಿಯೆಯ ಯೋಚನೆ ವಿಚಿತ್ರವೆನಿಸಲಾರದು. ನುಡಿದಂತೆ ಬರೆಯಬೇಕೆಂಬುದೇ ಅವನ ನಿಲುವು. ಆದರೆ ಫ್ರೆಂಚ್ ಭಾಷೆಯಲ್ಲಿ ನುಡಿಯುವುದೊಂದು, ಕಾಗುಣಿತವೊಂದು. ಧ್ವನಿಯನ್ನಷ್ಟೇ ಬರೆದವನು ಆ ಸಮಾಜದಲ್ಲಿ ಅಕ್ಷರಸ್ಥನೆನಿಸಿಕೊಳ್ಳುತ್ತಿರಲಿಲ್ಲ. ಇದಲ್ಲದೆ ಬಾರ್ಬಿಯೆಯ ಪದ್ಧತಿಯಲ್ಲಿ ವಿರಾಮಚಿಹ್ನೆಗಳಿರಲಿಲ್ಲ, ಅಂಕಿಗಳಿರಲಿಲ್ಲ, ಸಂಗೀತಕ್ಕೆ ಎಡೆಯಿರಲಿಲ್ಲ. ಒಂದು ಧ್ವನಿಗೆ ಹನ್ನೆರಡು ಚುಕ್ಕಿಗಳವರೆಗೂ ಬೇಕಾಗುತ್ತಿದ್ದುದರಿಂದ ಬೆರಳು ಮೇಲಿನಿಂದ ಕೆಳಕ್ಕೆ ಎಣಿಸುತ್ತಾ ಸಾಗಬೇಕಾಗಿತ್ತು.

ಹಾಗಿದ್ದರೂ ಈ ಚುಕ್ಕಿಗಳು ಶಾಲೆಯ ಮಕ್ಕಳಲ್ಲಿ ಸಂಚಲನವುಂಟುಮಾಡಿದುವು. ಚುಕ್ಕಿ ಬೆರಳಿಗೆ ಗೆರೆಗಿಂತ ಸ್ಪಷ್ಟವಾಗಿತ್ತು. ಒಂದು ಹಲಗೆ, ಒಂದು ಮೊನೆಗಡ್ಡಿ ಇದ್ದರೆ ಯಾರು ಬೇಕಾದರೂ ಅದನ್ನು ಕಾಗದದ ಮೇಲೆ ಮೂಡಿಸಬಹುದಾಗಿತ್ತು. ಲೂಯಿ ಆಗ ಹನ್ನೆರಡರ ಹುಡುಗ. ಮುಂದಿನ ಮೂರು ವರ್ಷ ಪಾಠಗಳ ನಡುವಿನ ಬಿಡುವಿನಲ್ಲಿ, ರಾತ್ರಿ ಮಲಗುವ ಕೋಣೆಯಲ್ಲಿ, ರಜೆಗೆ ಹೋದಾಗ ಕೂವ್ರೇಯ ಮನೆಯಲ್ಲಿ ಅವನು ಈ ಚುಕ್ಕಿಗಳನ್ನೇ ಜೋಡಿಸಿ ಕಳಚಿ ನೋಡಿದನು. 1824ರ ವೇಳೆಗೆ, ಹದಿನೈದನೆಯ ವಯಸ್ಸಿನಲ್ಲಿ, ಅವನ ಪದ್ಧತಿ ಬಹುಮಟ್ಟಿಗೆ ಸಿದ್ಧವಾಗಿತ್ತು.

ಬ್ರೈಲ್ ಮಾಡಿದ್ದೇನು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಹನ್ನೆರಡು ಚುಕ್ಕಿಗಳ ಮನೆಯನ್ನು ಅರ್ಧಕ್ಕಿಳಿಸಿ, ಅಗಲಕ್ಕೆ ಎರಡು, ಎತ್ತರಕ್ಕೆ ಮೂರು, ಒಟ್ಟು ಆರು ಚುಕ್ಕಿಗಳ ಮನೆಯನ್ನು ಆತ ನಿಗದಿಪಡಿಸಿದನು. ಬೆರಳಿನ ತುದಿ ಒಮ್ಮೆ ತಾಗಿದರೆ ಇಡೀ ಅಕ್ಷರ ತಿಳಿಯಬೇಕು ಎಂಬುದು ಇದರ ಅಳತೆಗೋಲು. ಕಣ್ಣಿನ ಲಿಪಿಗಳಲ್ಲಿ ಅಕ್ಷರದ ಗಾತ್ರವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಬೆರಳ ತುದಿ ಹಾಗೆ ಹಿಗ್ಗದು. ಆರು ಚುಕ್ಕಿಗಳಿಂದ 63 ಬಗೆಯ ಜೋಡಣೆಗಳು ಸಾಧ್ಯ. ಅವುಗಳನ್ನು ಆತ ಮನಬಂದಂತೆ ಹಂಚಲಿಲ್ಲ. ಮೇಲಿನ ನಾಲ್ಕು ಚುಕ್ಕಿಗಳಿಂದ ಮೊದಲ ಹತ್ತು ಅಕ್ಷರಗಳು. ಅವಕ್ಕೆ ಎಡಗಡೆಯ ಕೆಳಚುಕ್ಕಿ ಸೇರಿದರೆ ಮುಂದಿನ ಹತ್ತು. ಕೆಳಗಿನ ಎರಡೂ ಚುಕ್ಕಿಗಳು ಸೇರಿದರೆ ಮೂರನೆಯ ಸಾಲು. ಬಲಗಡೆಯ ಕೆಳಚುಕ್ಕಿ ಮಾತ್ರ ಸೇರಿದರೆ ನಾಲ್ಕನೆಯದು. ಹತ್ತು ರೂಪಗಳನ್ನು ಕಲಿತವನು ಉಳಿದುದನ್ನು ನಿಯಮದಿಂದಲೇ ಊಹಿಸಬಹುದು. ಆ ಮೊದಲ ಹತ್ತೇ, ಮುಂದೊಂದು ಸೂಚಕ ಚಿಹ್ನೆ ಬಂದರೆ, ಅಂಕಿಗಳಾಗುತ್ತವೆ. ಬಾರ್ಬಿಯೆಯ ಧ್ವನಿಗಳ ಜಾಗದಲ್ಲಿ ಬ್ರೈಲ್ ಅಕ್ಷರಗಳನ್ನು ಇಟ್ಟನು. ಅದರಿಂದ ಅಂಧ ವಿದ್ಯಾರ್ಥಿಗೆ ಉಳಿದವರೆಲ್ಲ ಬರೆಯುವ ಕಾಗುಣಿತವೇ ಲಭ್ಯವಾಯಿತು. ಬಡವನಿಗೆ ಧ್ವನಿ ಬರೆದರೆ ಸಾಕು ಎಂಬ ಬಾರ್ಬಿಯೆಯ ಕರುಣೆಗೂ, ಉಳಿದವರಿಗೆ ದೊರೆತುದೆಲ್ಲ ತಮಗೂ ಬೇಕು ಎಂಬ ಬ್ರೈಲನ ಹಟಕ್ಕೂ ಇರುವ ಅಂತರ ಚಿಕ್ಕದಲ್ಲ.

1829ರಲ್ಲಿ ಈ ಪದ್ಧತಿಯನ್ನು ವಿವರಿಸುವ ಪುಸ್ತಕ ಹೊರಬಂದಿತು. ಅದರ ಶೀರ್ಷಿಕೆಯಲ್ಲಿಯೇ ಮಾತು, ಸಂಗೀತ, ಚರ್ಚಿನ ಸರಳಗಾನ ಈ ಮೂರನ್ನೂ ಚುಕ್ಕಿಗಳಿಂದ ಬರೆಯುವ ವಿಧಾನವೆಂದು ಹೆಸರಿಸಲಾಗಿದೆ. ವಿಪರ್ಯಾಸವೆಂದರೆ ಆ ಪುಸ್ತಕ ಅಚ್ಚಾದದ್ದು ಹಳೆಯ ಉಬ್ಬು ರೋಮನ್ ಅಕ್ಷರಗಳಲ್ಲಿ. ಬಾರ್ಬಿಯೆಗೆ ತಾನೆಷ್ಟು ಋಣಿ ಎಂಬುದನ್ನು ಇಪ್ಪತ್ತರ ತರುಣ ಅದರಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಮೊದಲ ಆವೃತ್ತಿಯಲ್ಲಿ ಚುಕ್ಕಿಗಳ ಜೊತೆಗೆ ಕೆಲವು ಅಡ್ಡಗೆರೆಗಳೂ ಇದ್ದುವು. ಬೆರಳಿಗೂ ಕೈಬರಹಕ್ಕೂ ಅವು ತೊಡಕೆಂದು ಅನುಭವದಿಂದ ಕಂಡುಕೊಂಡು 1837ರ ಎರಡನೆಯ ಆವೃತ್ತಿಯಲ್ಲಿ ಅವನ್ನು ಕೈಬಿಟ್ಟನು. ಅದೇ ವರ್ಷ ಶಾಲೆಯ ಅಚ್ಚುಕೂಟದಿಂದ ಫ್ರಾನ್ಸಿನ ಇತಿಹಾಸದ ಸಂಗ್ರಹವೊಂದು ಮೂರು ಸಂಪುಟಗಳಲ್ಲಿ ಚುಕ್ಕಿ ಲಿಪಿಯಲ್ಲಿ ಪ್ರಕಟವಾಯಿತು. ಬ್ರೈಲ್ ಲಿಪಿಯಲ್ಲಿ ಅಚ್ಚಾದ ಮೊದಲ ಗ್ರಂಥ ಅದು.

ಅಧ್ಯಾಪಕನಾಗಿ ಬ್ರೈಲನ ಬದುಕು ಹೊರನೋಟಕ್ಕೆ ಏರಿಳಿತವಿಲ್ಲದ್ದು. ಹದಿಹರೆಯದ ಕೊನೆಯಲ್ಲಿಯೇ ಕಿರಿಯರಿಗೆ ಪಾಠ ಹೇಳಲು ಆರಂಭಿಸಿದ್ದ ಆತ 1833ರಲ್ಲಿ ಪೂರ್ಣ ಅಧ್ಯಾಪಕನಾದನು. ಅವನೊಂದಿಗೇ ಅವನ ಸಹಪಾಠಿಗಳೂ ಆಪ್ತರೂ ಆದ ಗಾಬ್ರಿಯೆಲ್ ಗೋತಿಯೆ ಮತ್ತು ಇಪೋಲಿತ್ ಕೋಲ್ತಾ ಕೂಡ ಆ ಪದವಿಗೇರಿದರು. ಮೂವರೂ ಅಂಧರು. ಕಣ್ಣುಳ್ಳವರು ಕಲಿಸಿ ಅಂಧರು ಕಲಿಯುವ ಶಾಲೆಯಲ್ಲಿ ಅಂಧರೇ ಗುರುಪೀಠಕ್ಕೆ ಬಂದುದು ಸಣ್ಣ ಸಂಗತಿಯಲ್ಲ. ಬ್ರೈಲ್ ವ್ಯಾಕರಣ, ಇತಿಹಾಸ, ಭೂಗೋಲ, ಗಣಿತ, ಸಂಗೀತ ಎಲ್ಲವನ್ನೂ ಕಲಿಸಿದನು. 1838ರಲ್ಲಿ ಆರಂಭಿಕ ವಿದ್ಯಾರ್ಥಿಗಳಿಗಾಗಿ ಅಂಕಗಣಿತದ ಕಿರುಹೊತ್ತಗೆ ಬರೆದನು. ಅವನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಬಂದಿರುವುದು ಈ ಕೋಲ್ತಾನ ನೆನಪಿನ ಬರಹದಿಂದ ಮತ್ತು ಶಾಲೆಯ ನಿರ್ದೇಶಕನಾಗಿದ್ದ ಪಿನ್ಯೆಯ ಬರಹದಿಂದ. ಇಬ್ಬರೂ ಚಿತ್ರಿಸುವುದು ಮಿತಭಾಷಿಯಾದ, ಹದವರಿತು ಮಾತನಾಡುವ, ಮಾತಿನ ನಡುವೆ ನವಿರಾದ ಹಾಸ್ಯ ಇಣುಕುವ, ಸ್ನೇಹಿತರಿಗಾಗಿ ಕೈಯಲ್ಲಿದ್ದುದನ್ನು ಕೊಟ್ಟುಬಿಡುವ ವ್ಯಕ್ತಿಯನ್ನು. ಇಬ್ಬರೂ ಅವನನ್ನು ಪ್ರೀತಿಸಿದವರೆಂಬುದನ್ನು ಓದುಗ ನೆನಪಿಡಬೇಕಾದರೂ, ಇದಕ್ಕೆ ವಿರುದ್ಧವಾದ ಸಾಕ್ಷ್ಯ ದೊರೆತಿಲ್ಲ.

ಅವನ ಸಂಗೀತದ ವಿಷಯ ಹೇಳದೆ ಈ ಚಿತ್ರ ಪೂರ್ಣವಾಗದು. ಆ ಶಾಲೆಯಲ್ಲಿ ಸಂಗೀತ ಮನರಂಜನೆಯ ವಿಷಯವಾಗಿರದೆ ಅನ್ನದ ವಿಷಯವಾಗಿತ್ತು. ಅಂಧ ತರುಣನೊಬ್ಬ ಭಿಕ್ಷೆಗಿಳಿಯದೆ ಬದುಕಬಹುದಾದ ಕೆಲವೇ ದಾರಿಗಳಲ್ಲಿ ಚರ್ಚಿನ ಆರ್ಗನ್ ವಾದಕನ ಹುದ್ದೆ ಒಂದು. ಬ್ರೈಲನ ಹಿರಿಯ ಸಹವರ್ತಿ ಕ್ಲೋದ್ ಮೋಂತಾಲ್ ಶಾಲೆಯ ಹಳೆಯ ಪಿಯಾನೋಗಳನ್ನು ಬಿಚ್ಚಿ ಜೋಡಿಸಿ ಶ್ರುತಿಮಾಡುವುದನ್ನು ತಾನೇ ಕಲಿತು, 1836ರಲ್ಲಿ ಆ ವಿದ್ಯೆಯ ಬಗ್ಗೆ ಗ್ರಂಥವನ್ನೂ ಬರೆದು, ಪಿಯಾನೋ ಶ್ರುತಿಗಾರಿಕೆಯನ್ನು ಅಂಧರ ಮತ್ತೊಂದು ವೃತ್ತಿಯನ್ನಾಗಿ ಮಾಡಿಕೊಟ್ಟನು. ಗೋತಿಯೆ ಸೇಂತ್ ಎತಿಯೆನ್ ದು ಮೋಂ ಚರ್ಚಿನ ಆರ್ಗನ್ ವಾದಕನಾದನು. ಬ್ರೈಲ್ ಪಿಯಾನೋ ಮತ್ತು ಚೆಲ್ಲೋಗಳಲ್ಲಿ ನಿಪುಣ. ಆರ್ಗನ್ ಅವನ ಪ್ರಧಾನ ವಾದ್ಯ. 1834ರಿಂದ ಹಲವು ವರ್ಷ ಪ್ಯಾರಿಸಿನ ಸೇಂತ್ ನಿಕೋಲಾ ದೆ ಶಾಂ ಚರ್ಚಿನಲ್ಲಿ ಆತ ಆರ್ಗನ್ ನುಡಿಸಿದನು.

ಭಾರತೀಯ ಓದುಗನಿಗೆ ಇಲ್ಲೊಂದು ಪ್ರಶ್ನೆ ಹುಟ್ಟುವುದು ಸಹಜ. ನಮ್ಮ ಸಂಗೀತ ಗುರುಮುಖದಿಂದ ಶಿಷ್ಯನ ಕಿವಿಗೆ ಇಳಿಯುವಂಥದು. ಸ್ವರಲಿಪಿ ಅದಕ್ಕೆ ಒತ್ತಾಸೆ ಮಾತ್ರ. ಗದುಗಿನ ಪಂಚಾಕ್ಷರ ಗವಾಯಿಗಳು, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ದೃಷ್ಟಿಯ ನೆರವಿಲ್ಲದೆ ಮಹಾಸಂಗೀತಗಾರರಾದುದು, ಶಿಷ್ಯಪರಂಪರೆಯನ್ನೇ ಬೆಳೆಸಿದುದು ಈ ದಾರಿಯಲ್ಲಿ. ಹಾಗಿರುವಾಗ ಅಂಧ ಸಂಗೀತಗಾರನಿಗೆ ಲಿಪಿಯೇಕೆ? ಪಾಶ್ಚಾತ್ಯ ಸಂಗೀತದ ಸ್ಥಿತಿ ಬೇರೆ. ಅಲ್ಲಿ ಕೃತಿಯೆಂದರೆ ಬರೆದಿಟ್ಟ ಹಾಳೆ. ಒಂದೇ ಹೊತ್ತಿಗೆ ಎರಡು ಕೈಗಳೂ ಎರಡು ಕಾಲುಗಳೂ ಬೇರೆ ಬೇರೆ ಸ್ವರಪಂಕ್ತಿಗಳನ್ನು ನುಡಿಸಬೇಕಾದ ಆರ್ಗನ್ ಕೃತಿಯನ್ನು ಯಾರೋ ನುಡಿಸಿ ತೋರಿಸಿದುದನ್ನು ಕೇಳಿ ಕಲಿಯಬೇಕಾದರೆ, ಅಂಧ ವಾದಕ ಸದಾ ಕಣ್ಣುಳ್ಳವನೊಬ್ಬನ ಬಿಡುವಿಗಾಗಿ ಕಾಯುತ್ತಿರಬೇಕು. ಬ್ರೈಲ್ ಅಕ್ಷರಗಳಿಗೆ ಬಳಸಿದ ಅದೇ ಆರು ಚುಕ್ಕಿಗಳಿಂದ ಸಂಗೀತವನ್ನೂ ಬರೆಯುವ ಕ್ರಮ ರೂಪಿಸಿದನು. ಡಿ ಇಂದ ಜೆ ವರೆಗಿನ ಏಳು ಅಕ್ಷರರೂಪಗಳು ದೊ, ರೆ, ಮಿ ಮೊದಲಾದ ಏಳು ಸ್ವರಗಳಾದುವು. ಆ ರೂಪಗಳೆಲ್ಲ ಮೇಲಿನ ನಾಲ್ಕು ಚುಕ್ಕಿಗಳಲ್ಲಿಯೇ ಮುಗಿಯುವುದರಿಂದ ಕೆಳಗಿನ ಎರಡು ಚುಕ್ಕಿಗಳು ಬಿಡುವಾಗಿ ಉಳಿದುವು. ಸ್ವರದ ಕಾಲಪ್ರಮಾಣವನ್ನು ಸೂಚಿಸುವ ಕೆಲಸ ಅವಕ್ಕೆ ಸಂದಿತು. ಸ್ವರ ಯಾವುದು, ಅದು ಎಷ್ಟು ಹೊತ್ತು ನಿಲ್ಲಬೇಕು ಎಂಬೆರಡೂ ಒಂದೇ ಸ್ಪರ್ಶದಲ್ಲಿ ತಿಳಿಯುತ್ತವೆ. ಐದು ಗೆರೆಗಳ ಏಣಿಯ ಮೇಲೆ ಸ್ವರಗಳನ್ನು ಏರಿಸಿ ಇಳಿಸಿ ತೋರಿಸುವ ಪದ್ಧತಿ ಕಣ್ಣಿಗೆ ಎಷ್ಟು ಸೊಗಸೋ ಬೆರಳಿಗೆ ಅಷ್ಟೇ ಗೋಜಲು ಎಂಬುದನ್ನರಿತು ಆತ ಅದನ್ನು ಪೂರ್ತಿಯಾಗಿ ಬಿಟ್ಟುಕೊಟ್ಟನು. ಓದುತ್ತಿರುವ ಕೈ ನುಡಿಸಲಾರದಾದ್ದರಿಂದ ಅಂಧ ವಾದಕ ತುಂಡು ತುಂಡಾಗಿ ಓದಿ ಕಂಠಸ್ಥ ಮಾಡಿಕೊಳ್ಳಲೇಬೇಕು; ಆ ಶ್ರಮವನ್ನು ಯಾವ ಲಿಪಿಯೂ ತಪ್ಪಿಸದು. ಆದರೆ ಜಾತ್ರೆಯ ಆ ಅಣಕದ ಹಾಳೆ ಈಗ ಓದಬಹುದಾದ ಹಾಳೆಯಾಗಿತ್ತು. ಲಿಪಿಯ ಇತರ ಅಂಶಗಳಲ್ಲಿ ಮುಂದೆ ದೇಶದಿಂದ ದೇಶಕ್ಕೆ ಎಷ್ಟೋ ಮಾರ್ಪಾಟುಗಳಾದರೂ, ಬ್ರೈಲ್ ಹಾಕಿಕೊಟ್ಟ ಸಂಗೀತಲಿಪಿಯ ತಳಹದಿ ಇಂದಿಗೂ ಹಾಗೆಯೇ ಉಳಿದಿದೆ.

1835ರ ಸುಮಾರಿಗೆ ಕ್ಷಯದ ಲಕ್ಷಣಗಳು ಕಾಣಿಸಿಕೊಂಡುವು. ಪಿನ್ಯೆ ಅವನ ಪಾಠಗಳ ಹೊರೆಯನ್ನು ತಗ್ಗಿಸಿದನು. ಬಿಡುವಾದ ಸಮಯವನ್ನು ಬ್ರೈಲ್ ಬೇರೊಂದು ತೊಡಕನ್ನು ಬಿಡಿಸಲು ಬಳಸಿದನು. ಚುಕ್ಕಿ ಲಿಪಿಯಿಂದ ಅಂಧರು ತಮ್ಮ ತಮ್ಮಲ್ಲಿ ಬರೆದುಕೊಳ್ಳಬಹುದಾಗಿತ್ತು. ಆದರೆ ಊರಿನಲ್ಲಿರುವ ತಾಯಿಗೆ, ಅಣ್ಣನಿಗೆ, ಹೊರಗಿನ ಜಗತ್ತಿಗೆ ಕಾಗದ ಬರೆಯುವುದು ಹೇಗೆ? 1839ರಲ್ಲಿ ಪ್ರಕಟಿಸಿದ ಹೊಸ ವಿಧಾನದಲ್ಲಿ ಸಾಮಾನ್ಯ ರೋಮನ್ ಅಕ್ಷರಗಳ ಆಕಾರವನ್ನೇ ಚುಕ್ಕಿಗಳಿಂದ ಮೂಡಿಸುವ ಕ್ರಮವಿತ್ತು. ಪ್ರತಿ ಅಕ್ಷರಕ್ಕೂ ಚುಕ್ಕಿಗಳ ಸ್ಥಾನಗಳನ್ನು ಸಂಖ್ಯೆಗಳಿಂದ ಗೊತ್ತುಮಾಡಿಟ್ಟದ್ದರಿಂದ ಕಂಠಪಾಠದಿಂದಲೇ ಬರೆಯಬಹುದಾಗಿತ್ತು. ಬರೆದುದನ್ನು ಅಂಧನೂ ಓದಬಹುದು, ಕಣ್ಣುಳ್ಳವನೂ ಓದಬಹುದು. ಇದು ನಿಧಾನದ ಕೆಲಸವಾಗಿತ್ತು. ಫೂಕೋ ಎಂಬ ಅಂಧ ಯಂತ್ರಕುಶಲಿ (ಇಪ್ಪತ್ತನೆಯ ಶತಮಾನದ ಚಿಂತಕ ಫೂಕೋ ಬೇರೆ, ಈತ ಬೇರೆ) ಇದಕ್ಕಾಗಿ ಕೀಲಿಗಳನ್ನು ಒತ್ತಿದರೆ ಚುಕ್ಕಿಗಳು ಮೂಡುವ ಯಂತ್ರವೊಂದನ್ನು 1841ರಲ್ಲಿ ನಿರ್ಮಿಸಿದನು. ಬೆರಳಚ್ಚು ಯಂತ್ರದ ಪೂರ್ವಜರಲ್ಲಿ ಅದನ್ನು ಎಣಿಸುವುದುಂಟು.

ಇಷ್ಟೆಲ್ಲ ಆದರೂ ಶಾಲೆ ಈ ಲಿಪಿಯನ್ನು ಅಧಿಕೃತವಾಗಿ ಒಪ್ಪಿರಲಿಲ್ಲ. ಸರ್ಕಾರದ ದೃಷ್ಟಿಯಲ್ಲಿ ಉಬ್ಬು ರೋಮನ್ ಅಕ್ಷರವೇ ಶಾಲೆಯ ಲಿಪಿ. ಪಿನ್ಯೆ ಚುಕ್ಕಿ ಲಿಪಿಯ ಬಳಕೆಗೆ ಪ್ರೋತ್ಸಾಹ ನೀಡಿದ್ದನಷ್ಟೆ. 1840ರಲ್ಲಿ ಪಿನ್ಯೆ ಹುದ್ದೆಯನ್ನು ಬಿಡಬೇಕಾಗಿ ಬಂದು, ಉಪನಿರ್ದೇಶಕನಾಗಿದ್ದ ದ್ಯೂಫೋ ಅವನ ಸ್ಥಾನಕ್ಕೆ ಬಂದನು. ಅಂಧರ ಶಿಕ್ಷಣದ ಬಗ್ಗೆ ಗ್ರಂಥ ಬರೆದಿದ್ದ ವಿದ್ವಾಂಸ ಈತ. ಅಂಧರಿಗೆ ಪ್ರತ್ಯೇಕ ಲಿಪಿಯೊಂದಿದ್ದರೆ ಅವರು ಉಳಿದ ಸಮಾಜದಿಂದ ದೂರವಾಗುತ್ತಾರೆ ಎಂಬುದು ಆ ಕಾಲದ ಹಲವು ಕಣ್ಣುಳ್ಳ ಶಿಕ್ಷಣತಜ್ಞರ ವಾದವಾಗಿತ್ತು. ಕೇಳುವುದಕ್ಕೆ ಅದು ಉದಾರವಾದ ವಾದವೇ. ಆದರೆ ಸಮಾಜದ ಲಿಪಿಯನ್ನು ಬೆರಳಿನಿಂದ ಓದಲಾಗದೆ ತಡವರಿಸುವವನು ಸಮಾಜಕ್ಕೆ ಹತ್ತಿರವಾಗುವುದು ಹೇಗೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ದ್ಯೂಫೋ ಬ್ರಿಟನ್ನಿನಲ್ಲಿ ಬಳಕೆಯಲ್ಲಿದ್ದ ಬೇರೊಂದು ಬಗೆಯ ಉಬ್ಬು ಅಕ್ಷರಗಳನ್ನು ಶಾಲೆಗೆ ತಂದನು. ಚುಕ್ಕಿ ಲಿಪಿ ತರಗತಿಗಳಿಂದ ಹೊರಬಿದ್ದಿತು. ಹಳೆಯ ಪುಸ್ತಕಗಳನ್ನು ಸುಡಿಸಿದನೆಂಬ ಮಾತೂ ಪ್ರಚಾರದಲ್ಲಿದೆ. ಅದರ ನಿಜಾಂಶವೆಷ್ಟೇ ಇರಲಿ, ವಿದ್ಯಾರ್ಥಿಗಳು ಚುಕ್ಕಿಗಳನ್ನು ಬಿಟ್ಟುಕೊಡಲಿಲ್ಲ. ಹಿರಿಯರು ಕಿರಿಯರಿಗೆ ಗುಟ್ಟಾಗಿ ಕಲಿಸಿದರು, ಟಿಪ್ಪಣಿಗಳನ್ನೂ ಪತ್ರಗಳನ್ನೂ ಅದರಲ್ಲಿಯೇ ಬರೆದುಕೊಂಡರು. ಹೇರಿದ ಲಿಪಿಗಳು ಉಳಿಯದೆ ಹೋದುದನ್ನೂ, ಬಳಸುವವರ ಕೈಯಲ್ಲಿ ನಿಂತ ಲಿಪಿಗಳು ರಾಜಾಶ್ರಯವಿಲ್ಲದೆಯೂ ಉಳಿದುದನ್ನೂ ಲಿಪಿಶಾಸ್ತ್ರದ ವಿದ್ಯಾರ್ಥಿಗಳು ಬೇರೆಡೆಯೂ ಕಂಡಿರುತ್ತಾರೆ.

ದ್ಯೂಫೋನ ಸಹಾಯಕ ಜೋಸೆಫ್ ಗ್ವಾದೆ ಈ ಮಕ್ಕಳನ್ನು ಗಮನಿಸಿದವನು. ಯಾವ ಲಿಪಿಯಲ್ಲಿ ಅವರ ಬೆರಳು ಓಡುತ್ತದೆ, ಯಾವುದರಲ್ಲಿ ತೆವಳುತ್ತದೆ ಎಂಬುದು ಅವನಿಗೆ ಸ್ಪಷ್ಟವಾಯಿತು. ಕ್ರಮೇಣ ಅವನು ಚುಕ್ಕಿ ಲಿಪಿಯ ಪಕ್ಷವಹಿಸಿದನು, ದ್ಯೂಫೋನ ಮನಸ್ಸೂ ಬದಲಾಯಿತು. 1843ರ ಕೊನೆಯಲ್ಲಿ ಶಾಲೆ ಬುಲ್ವಾರ್ ದೆಜ್ ಎನ್ವಲೀದ್ ರಸ್ತೆಯ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. 1844ರ ಫೆಬ್ರುವರಿ 22ರಂದು ನಡೆದ ಉದ್ಘಾಟನಾ ಸಮಾರಂಭದಲ್ಲಿ ಗ್ವಾದೆ ಬ್ರೈಲನ ಪದ್ಧತಿಯನ್ನು ಬಹಿರಂಗವಾಗಿ ಕೊಂಡಾಡಿದನು. ಅದರ ಪ್ರಾತ್ಯಕ್ಷಿಕೆಯೂ ನಡೆಯಿತು. ಅದೇ ವರ್ಷ ಅವನು ಈ ಪದ್ಧತಿಯನ್ನು ಕುರಿತ ಕಿರುಪುಸ್ತಕವನ್ನೂ ಹೊರತಂದನು. ಅದಾಗಲೇ ಬ್ರೈಲನ ಆರೋಗ್ಯ ಬಹಳ ಕುಸಿದಿತ್ತು. ಆಗಾಗ ಕೂವ್ರೇಗೆ ಹೋಗಿ ವಿಶ್ರಾಂತಿ ಪಡೆದು ಮರಳುತ್ತಿದ್ದನು. ದೇಹ ಒಪ್ಪಿದಾಗ ಪಾಠ ಹೇಳಿದನು.

1851ರ ಡಿಸೆಂಬರಿನಲ್ಲಿ ರಕ್ತಸ್ರಾವವಾಗಿ ಹಾಸಿಗೆ ಹಿಡಿದ ಬ್ರೈಲ್, ನಲವತ್ತಮೂರು ತುಂಬಿದ ಎರಡು ದಿನಗಳಿಗೆ, 1852ರ ಜನವರಿ 6ರಂದು ಶಾಲೆಯ ಆರೋಗ್ಯಧಾಮದಲ್ಲಿ ತೀರಿಕೊಂಡನು. ಅವನ ಕೋಣೆಯಲ್ಲಿ ತೆರೆಯದೆ ಸುಡಬೇಕೆಂದು ಸೂಚಿಸಿದ್ದ ಪೆಟ್ಟಿಗೆಯೊಂದಿತ್ತು. ಕುತೂಹಲ ತಡೆಯಲಾರದೆ ತೆರೆದು ನೋಡಿದವರಿಗೆ ಅದರಲ್ಲಿ ಸಿಕ್ಕಿದ್ದು ವಿದ್ಯಾರ್ಥಿಗಳು ಬರೆದುಕೊಟ್ಟಿದ್ದ ಸಾಲದ ಚೀಟಿಗಳು ಎಂದು ಗೆಳೆಯರ ಬರಹದಿಂದ ಬಂದ ಕಥೆ ಹೇಳುತ್ತದೆ. ಅವನ ದೇಹವನ್ನು ಹುಟ್ಟೂರಿಗೆ ಕೊಂಡೊಯ್ದು ಮಣ್ಣುಮಾಡಲಾಯಿತು. ಎರಡು ವರ್ಷಗಳ ನಂತರ, 1854ರಲ್ಲಿ, ಫ್ರಾನ್ಸ್ ಅವನ ಲಿಪಿಯನ್ನು ಅಧಿಕೃತವಾಗಿ ಸ್ವೀಕರಿಸಿತು.

ಮುಂದಿನ ಕಥೆಯಲ್ಲಿ ಗಮನಿಸಬೇಕಾದುದು ಇಂಗ್ಲೆಂಡಿನ ಘಟ್ಟ. ಅಲ್ಲಿ ಹತ್ತಾರು ಬಗೆಯ ಉಬ್ಬು ಲಿಪಿಗಳು ಪರಸ್ಪರ ಸ್ಪರ್ಧಿಸುತ್ತಿದ್ದುವು. ಒಂದರ ಪುಸ್ತಕ ಓದಿದವನಿಗೆ ಮತ್ತೊಂದರದು ತಿಳಿಯುತ್ತಿರಲಿಲ್ಲ. ದೃಷ್ಟಿ ಕಳೆದುಕೊಂಡಿದ್ದ ವೈದ್ಯ ಥಾಮಸ್ ರೋಡ್ಸ್ ಆರ್ಮಿಟೇಜ್ 1868ರಲ್ಲಿ ಸಂಸ್ಥೆಯೊಂದನ್ನು ಕಟ್ಟಿ, ಯಾವ ಲಿಪಿ ಉತ್ತಮವೆಂಬುದನ್ನು ತೀರ್ಮಾನಿಸುವ ಸಮಿತಿಯಲ್ಲಿ ಬೆರಳಿನಿಂದ ಓದುವವರಷ್ಟೇ ಇರಬೇಕೆಂದೂ, ಯಾವುದೇ ಲಿಪಿಯಿಂದ ಹಣದ ಲಾಭವಿರುವವರು ಇರಕೂಡದೆಂದೂ ಕಟ್ಟುಮಾಡಿದನು. ಆ ಸಮಿತಿ ಆರಿಸಿದ್ದು ಬ್ರೈಲ್ ಲಿಪಿಯನ್ನು. 1878ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವೂ ಅದನ್ನೇ ಎತ್ತಿಹಿಡಿಯಿತು. ಅಮೆರಿಕದಲ್ಲಿ ಮಾತ್ರ ಚುಕ್ಕಿಗಳ ನಡುವೆಯೇ ಜಗಳ ಬಹುಕಾಲ ನಡೆದು, ಇಂಗ್ಲಿಷಿಗೆ ಏಕರೂಪದ ಬ್ರೈಲ್ ಒಪ್ಪಿತವಾದದ್ದು 1932ರಲ್ಲಿ. ಬ್ರೈಲ್ ಸತ್ತು ನೂರು ವರ್ಷವಾದಾಗ, 1952ರಲ್ಲಿ, ಫ್ರಾನ್ಸ್ ಅವನ ಅವಶೇಷಗಳನ್ನು ರಾಷ್ಟ್ರಪುರುಷರ ಸಮಾಧಿಮಂದಿರವಾದ ಪ್ಯಾಂತೆಯೋಂಗೆ ಸಾಗಿಸಿತು. ಹೆಲೆನ್ ಕೆಲ್ಲರ್ ಆ ಸಮಾರಂಭದಲ್ಲಿದ್ದಳು. ಕೂವ್ರೇಯ ಜನ ಅವನನ್ನು ಪೂರ್ತಿಯಾಗಿ ಬಿಟ್ಟುಕೊಡಲು ಒಪ್ಪಲಿಲ್ಲ. ಅವನ ಕೈಗಳ ಎಲುಬುಗಳು ಕಲಶವೊಂದರಲ್ಲಿ ಹುಟ್ಟೂರಿನಲ್ಲಿಯೇ ಉಳಿದುವು.

ಭಾರತದಲ್ಲಿ ಅಂಧರ ಶಾಲೆಗಳ ಆರಂಭ 1887ರ ಅಮೃತಸರದಿಂದ. ಮೈಸೂರಿನಲ್ಲಿ 1901ರಲ್ಲಿಯೂ ಮುಂಬಯಿಯಲ್ಲಿ 1902ರಲ್ಲಿಯೂ ಶಾಲೆಗಳು ಹುಟ್ಟಿದುವು. ಆದರೆ ಒಂದೊಂದು ಪ್ರಾಂತವೂ ಒಂದೊಂದು ರೀತಿಯಲ್ಲಿ ಚುಕ್ಕಿಗಳನ್ನು ಹಂಚಿಕೊಂಡಿದ್ದರಿಂದ, ಇಂಗ್ಲೆಂಡಿನ ಹಳೆಯ ಗೊಂದಲವೇ ಇಲ್ಲಿ ಮರುಕಳಿಸಿತು. ಸ್ವಾತಂತ್ರ್ಯಾನಂತರ ಯುನೆಸ್ಕೋದ ನೆರವಿನಿಂದ ನಡೆದ ಸಮಾಲೋಚನೆಗಳ ಫಲವಾಗಿ 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತಿ ಬ್ರೈಲ್ ರೂಪುಗೊಂಡಿತು. ಇದರಲ್ಲಿ ಕನ್ನಡದ ಕ, ತಮಿಳಿನ ಕ, ಹಿಂದಿಯ ಕ ಎಲ್ಲವೂ ಒಂದೇ ಚಿಹ್ನೆ. ಹೊರನಾಡಿನಲ್ಲಿ ಬೆಳೆಯುವ ಅಂಧ ಕನ್ನಡಿಗ ಮಗು ಮರಾಠಿಗೊಂದು ಕನ್ನಡಕ್ಕೊಂದು ಎಂದು ಎರಡು ವರ್ಣಮಾಲೆಗಳನ್ನು ಕಲಿಯಬೇಕಾಗಿಲ್ಲ. ಕಣ್ಣುಳ್ಳ ಮಕ್ಕಳಿಗೆ ಈ ಸೌಲಭ್ಯವಿಲ್ಲ.

ನಮ್ಮ ಲಿಪಿಯ ಜಾಯಮಾನಕ್ಕೆ ಬ್ರೈಲ್ ಹೊಂದಿಕೊಂಡ ಬಗೆಯೂ ಸ್ವಾರಸ್ಯಕರವಾಗಿದೆ. ಕನ್ನಡದಲ್ಲಿ ಸ್ವರಚಿಹ್ನೆ ವ್ಯಂಜನದ ತಲೆಗೋ ಬಲಕ್ಕೋ ಹತ್ತುತ್ತದೆ, ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ. ಬೆರಳು ಒಂದೇ ಸಾಲಿನಲ್ಲಿ ಎಡದಿಂದ ಬಲಕ್ಕೆ ಸಾಗುವುದರಿಂದ ಇದೆಲ್ಲವೂ ಅಡ್ಡಸಾಲಿಗೆ ಬರಬೇಕಾಗುತ್ತದೆ. ಕಾಗುಣಿತದ ಚಿಹ್ನೆಗಳಿಗೆ ಬೇರೆ ರೂಪವಿಲ್ಲ. ವ್ಯಂಜನದ ಮುಂದೆ ಆಯಾ ಸ್ವರಾಕ್ಷರವನ್ನೇ ಬರೆಯುತ್ತಾರೆ. ಒತ್ತಕ್ಷರ ಬರುವೆಡೆ ಅಕಾರವನ್ನು ಕಳೆಯುವ ಒಂಟಿ ಚುಕ್ಕಿಯೊಂದನ್ನು ಮೊದಲು ಇಟ್ಟು ಎರಡು ವ್ಯಂಜನಗಳನ್ನೂ ಸಾಲಾಗಿ ಬರೆಯುತ್ತಾರೆ. ಹೀಗೆ ಕನ್ನಡ ಎಂಬ ಪದಕ್ಕೆ ಐದು ಮನೆಗಳು ಬೇಕು: ಕ, ಒಂಟಿ ಚುಕ್ಕಿ, ನ, ಮತ್ತೊಂದು ನ, ಡ. ಇವುಗಳಲ್ಲಿ ಮೊದಲನೆಯ ಕ, ಹದಿನೈದರ ಹುಡುಗ ತನ್ನ ಎರಡನೆಯ ಸಾಲಿನ ಆರಂಭದಲ್ಲಿ, ಮೊದಲ ಅಕ್ಷರದ ಒಂದೇ ಚುಕ್ಕಿಗೆ ಎಡಗಡೆಯ ಕೆಳಚುಕ್ಕಿಯನ್ನು ಸೇರಿಸಿ ಪಡೆದುಕೊಂಡ ರೂಪವೇ ಆಗಿದೆ.